ನುಗ್ಗೆಸೊಪ್ಪಿನ ಬಯಕೆ

ಬೇರೆಯವರ ಮನೆಯಲ್ಲಿ ಇವತ್ತೇನು ಸಾರು ಎಂದು ತಿಳಿದುಕೊಳ್ಳದಿದ್ದರೆ ನನಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಚಿಕ್ಕಂದಿನಿಂದಲೂ ಹೀಗೇ. "ಕಂಡೋರ ಮನೆ ಮಡಕೆಗೆ ಇಣುಕೋ ಬುದ್ಧಿ ಎಲ್ಲಿಂದ ಬಂತೇ ನಿಂಗೆ?" ಎಂದು ನಮ್ಮವ್ವ ತಲೆಗೆ ಮೊಟಕುತ್ತಿದ್ದಳು. ಆ ಕೆಟ್ಟ ಚಾಳಿಗೇ ಸಂಬಳ ಕೊಡುವ ಕೆಲಸವೊಂದು ಮೈಸೂರಿನಲ್ಲಿ ಇದೆಯೆಂದು ಅವಳಿಗೇನು ಗೊತ್ತಿತ್ತು!

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದ ಕಾಲ. ದೇವರಾಜ ಮೊಹಲ್ಲಾದ ಹತ್ತಿರ ಒಂದು ಸಣ್ಣ ಹೆರಿಗೆ ಆಸ್ಪತ್ರೆ ಇತ್ತು. ಸುತ್ತಮುತ್ತಲ ವಠಾರಗಳಿಗೆ ಹೋಗಿ, ಬಸುರಿ ಹೆಂಗಸರನ್ನು ಕಂಡು, ಏನು ತಿಂದರೆ ಒಳ್ಳೆಯದು ಎಂದು ಹೇಳಿ ಬರುವುದು ಅಲ್ಲಿ ನನ್ನ ಕೆಲಸ. ನಾನು ನರ್ಸಲ್ಲ, ಬಿಳಿ ಸೀರೆ ಉಡುತ್ತಿದ್ದೆ ಅಷ್ಟೆ. ಆದರೂ ಎಲ್ಲರ ಬಾಯಲ್ಲೂ ನರ್ಸಮ್ಮ ಆಗಿಬಿಟ್ಟೆ. ಎರಡು ದಿನ ತಿದ್ದಿದೆ, ಮೂರನೆಯ ದಿನ ಆ ಹೆಸರು ಹಿತವಾಗಿಯೇ ಕೇಳಿಸಿತು.

ಕೆಲಸಕ್ಕೆಂದು ಒಂದು ಬಣ್ಣದ ಚಿತ್ರಪಟ ಕೊಟ್ಟಿದ್ದರು. ಅದರಲ್ಲಿ ಹಾಲಿನ ಜಗ್ಗು, ಮೊಟ್ಟೆ, ಕ್ಯಾರೆಟ್ಟು, ಕೆಂಪನೆಯ ಸೇಬು. ಮೊದಲ ದಿನವೇ ಒಬ್ಬಾಕೆ ಸೇಬಿನ ಮೇಲೆ ಬೆರಳಿಟ್ಟು, "ಇಷ್ಟು ದಪ್ಪನೆ ಟೊಮೇಟೊ ಯಾವ ಸಂತೇಲಿ ಸಿಗ್ತದೆ ನರ್ಸಮ್ಮ?" ಎಂದು ಕೇಳಿದಳು. ವಠಾರಕ್ಕೆ ವಠಾರವೇ ನಕ್ಕಿತು. ನನಗೂ ನಗು ಬಂತು, ಜೊತೆಗೆ ಮೈಯೆಲ್ಲ ಉರಿಯಿತು. ಮೂಟೆ ಹೊರುವವರು, ಬೀಡಿ ಕಟ್ಟುವವರು, ಹೂವು ಪೋಣಿಸುವವರು ಇರುವ ಕಡೆ ಸೇಬು ತೋರಿಸಲು ನನ್ನನ್ನು ಕಳಿಸಿದ ಮಹಾನುಭಾವನಿಗೆ ಮನಸ್ಸಿನಲ್ಲೇ ಮಂಗಳಾರತಿ ಎತ್ತಿದೆ. ಚಿತ್ರಪಟವನ್ನು ಸುತ್ತಿ ಆಸ್ಪತ್ರೆಯ ಅಟ್ಟದ ಮೇಲೆ ಎಸೆದೆ.

ಆಮೇಲೆ ನಾನು ಹೇಳುವುದನ್ನು ಬಿಟ್ಟು ಕೇಳುವುದಕ್ಕೆ ಶುರುಮಾಡಿದೆ. ಕೇಳುವುದೆಂದರೆ ನನಗೆ ಹಬ್ಬ. ಯಾವ ಬಸುರಿಯ ಮನೆಗೆ ಹೋದರೂ ಮೊದಲ ಪ್ರಶ್ನೆ ಒಂದೇ: "ಬಯಕೆ ಏನಮ್ಮ?" ಅಬ್ಬಬ್ಬಾ, ಎಂಥೆಂಥ ಬಯಕೆಗಳು! ಒಬ್ಬಳಿಗೆ ಮಕ್ಕಳು ಬರೆಯುವ ಬಳಪ. ಒಬ್ಬಳಿಗೆ ಒಲೆಯ ಸುಟ್ಟ ಮಣ್ಣು. ಅವಳ ಮನೆಯ ಒಲೆಯ ಒಂದು ಪಕ್ಕ ಇಲಿ ತಿಂದಂತೆ ಸವೆದಿತ್ತು. ಇನ್ನೊಬ್ಬಳು ಗಂಡನ ವಿಭೂತಿ ಗಟ್ಟಿಯನ್ನೇ ನೆಕ್ಕಿ ಮುಗಿಸಿದ್ದಳು. ಆತ ಪೂಜೆಗೆ ಕೂತಾಗ ತಟ್ಟೆ ಖಾಲಿ. ಮೈಯಲ್ಲಿ ರಕ್ತ ಕಡಿಮೆಯಾದರೆ ಹೀಗೆ ಮಣ್ಣು ಬೂದಿಯ ಮೇಲೆ ಆಸೆ ಹೋಗುತ್ತದೆ ಎಂದು ನಮ್ಮ ಡಾಕ್ಟರಮ್ಮ ಹೇಳಿದ್ದರು. ಹಾಗಿದ್ದರೆ ಈ ದೇಹ ರಕ್ತ ಬೇಕೆಂದು ಕೇಳುವುದಕ್ಕೆ ಸೊಪ್ಪನ್ನೋ ಕಾಳನ್ನೋ ಬಿಟ್ಟು ಬಳಪವನ್ನೇಕೆ ಕೇಳುತ್ತದೆ? ಅದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಆ ವಠಾರಗಳಲ್ಲೊಂದರ ಕೊನೆಯ ಮನೆಯ ಸೊಸೆಯ ವಿಷಯಕ್ಕೆ ಬರುತ್ತೇನೆ. ಇಪ್ಪತ್ತು ದಾಟಿದ್ದಳೋ ಇಲ್ಲವೋ. ಗಂಡ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಅತ್ತೆ ಅದೇ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಮಾರುತ್ತಿದ್ದರು. ಗಂಡ ಸತ್ತ ಮೇಲೆ ಒಬ್ಬ ಮಗನನ್ನು ಆ ಎಲೆಬುಟ್ಟಿಯಿಂದಲೇ ಸಾಕಿದ್ದ ಹೆಂಗಸು. ಬಾಯಿ ತೆಗೆದರೆ ಪಕ್ಕದ ಬೀದಿಗೂ ಕೇಳಿಸಬೇಕು. ಸೊಸೆಯ ಮೊದಲ ಬಸುರು ಅರ್ಧದಲ್ಲೇ ಇಳಿದುಹೋಗಿತ್ತು. ಎರಡನೆಯ ಕೂಸು ಹುಟ್ಟಿತು, ಆದರೆ ಅಳಲಿಲ್ಲ. ಇದು ಮೂರನೆಯದು. ತವರಿನಲ್ಲಿ ಕರೆದುಕೊಂಡು ಹೋಗುವವರು ಯಾರೂ ಇರಲಿಲ್ಲ.

ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದರು, ನಾಲಿಗೆ ಚಾಚಿಸಿ ನೋಡಿದರು. ಎರಡೂ ಸುಣ್ಣದ ಹಾಗೆ ಬೆಳ್ಳಗಿದ್ದವು. ಅವಳನ್ನು ಹೊರಗೆ ಕೂರಿಸಿ ನನಗೆ ಹೇಳಿದರು, "ಹೆರಿಗೇಲಿ ಸ್ವಲ್ಪ ರಕ್ತ ಹೋದರೂ ಈ ಹುಡುಗಿ ತಡೆಯಲ್ಲ. ಈ ಸಲ ಮಗೂನೂ ಇಲ್ಲ, ತಾಯೀನೂ ಇಲ್ಲ ಅನ್ನೋ ಹಾಗಾಗುತ್ತೆ. ಏನಾದ್ರೂ ಮಾಡಿ ತಿನ್ನಿಸು." ಕಬ್ಬಿಣದ ಔಷಧಿಯ ಬಾಟಲಿ ಕೊಟ್ಟು ಕಳಿಸಿದ್ದರು. ಅತ್ತೆ ಅದನ್ನು ಮೋರಿಗೆ ಸುರಿದಿದ್ದರು. ಕಪ್ಪು ಔಷಧಿ ಕುಡಿದರೆ ಕೂಸು ಕಪ್ಪಾಗುತ್ತದಂತೆ!

ಆ ಮನೆಯ ಊಟದ ಕ್ರಮ ಬೇರೆಲ್ಲ ಮನೆಗಳದ್ದೇ. ಮೊದಲು ಗಂಡಸು. ಆಮೇಲೆ ಅತ್ತೆ, ಮಾರ್ಕೆಟ್ಟಿನಿಂದ ಬಂದಾಗ. ಕೊನೆಗೆ ಸೊಸೆ. ಅವಳ ಪಾಲಿಗೆ ಬರುತ್ತಿದ್ದದ್ದು ಮಿಕ್ಕ ಮುದ್ದೆ, ತಳ ಕಂಡ ಸಾರು. ಸಾರಿನಲ್ಲಿ ಕಾಳಿದ್ದರೆ ಅವು ಮೇಲಿನವರ ತಟ್ಟೆಗೇ ಹೋಗಿರುತ್ತಿದ್ದವು. ಇದಕ್ಕೆ ಅತ್ತೆಯನ್ನು ರಾಕ್ಷಸಿ ಅನ್ನುವ ಹಾಗಿಲ್ಲ. ಹಾಗೆ ನಡೆದುಕೊಂಡು ಬಂದಿತ್ತು, ಅವರೂ ನಡೆಸುತ್ತಿದ್ದರು.

ಸಂಕಟವೇನೆಂದರೆ ವಠಾರದ ಬಾವಿಯ ಪಕ್ಕದಲ್ಲೇ ಒಂದು ನುಗ್ಗೆಮರವಿತ್ತು. ಕೈ ಚಾಚಿದರೆ ಸೊಪ್ಪು. ಕಾಸು ಕೊಡಬೇಕಿಲ್ಲ, ಪೇಟೆಗೆ ಹೋಗಬೇಕಿಲ್ಲ. ನಾನು ಅತ್ತೆಯ ಮುಂದೆ ಆ ಮಾತೆತ್ತಿದೆ.

"ಬಸುರಿಗೆ ನುಗ್ಗೆಸೊಪ್ಪಾ?" ಎಂದು ಎದ್ದೇ ನಿಂತರು. "ಉಷ್ಣ ಕಣ್ರೀ ಅದು, ಉಷ್ಣ! ಮೊದಲ್ನೇದು ಎಂಗೋಯ್ತು ಅಂದ್ಕೊಂಡಿದ್ದೀರಿ? ನಾನಿಲ್ದಾಗ ಸೊಪ್ಪಿನ ಸಾರು ಮಾಡ್ಕೊಂಡು ಉಂಡಿದ್ಲು. ಓದ್ದೋರು ಅಂತ ಬಂದು ನನ್ ಮನೆ ದೀಪ ಆರಿಸ್ಬೇಡಿ."

"ಸೊಪ್ಪು ತಿಂದ್ರೆ ಬಸುರು ಹೋಗಲ್ಲ ಅವ್ವ. ಡಾಕ್ಟರಮ್ಮನೇ ಹೇಳ್ತಾರೆ."

"ನಿಮ್ ಡಾಕ್ಟರಮ್ಮ ಎಷ್ಟು ಹೆತ್ತವ್ರೆ?"

ಡಾಕ್ಟರಮ್ಮನಿಗೆ ಮದುವೆಯೇ ಆಗಿರಲಿಲ್ಲ. ನಾನು ಹೊರಗೆ ಬಂದೆ. ದಾರಿಯುದ್ದಕ್ಕೂ ಆಕೆಗೆ ಹೇಳಬೇಕಾಗಿದ್ದ ಉತ್ತರಗಳನ್ನು ಒಂದೊಂದಾಗಿ ನನಗೇ ಹೇಳಿಕೊಂಡೆ. ಜಗಳದ ಒಳ್ಳೆಯ ಮಾತುಗಳೆಲ್ಲ ನನಗೆ ಬೀದಿಗೆ ಬಂದ ಮೇಲೇ ಹೊಳೆಯುವುದು.

ಅದಾದ ಕೆಲವು ದಿನಕ್ಕೆ ಮಾರ್ಕೆಟ್ಟಿಗೆ ಹೋಗಿದ್ದೆ. ಎಲೆಯ ಸಾಲಿನಲ್ಲಿ ಆ ಅತ್ತೆ ಕೂತಿದ್ದರು. ನಮ್ಮಿಬ್ಬರಿಗೂ ಮುಖ ಕೊಟ್ಟು ಮಾತಿಲ್ಲ. ಅಷ್ಟರಲ್ಲಿ ಯಾರೋ ಹಳ್ಳಿಯ ತುಂಬು ಬಸುರಿ ಅವರ ಪಕ್ಕದ ಸೀಬೆಹಣ್ಣಿನ ಬುಟ್ಟಿಯ ಮುಂದೆ ಒಂದು ಗಳಿಗೆ ನಿಂತಳು, ನೋಡಿದಳು, ಮುಂದಕ್ಕೆ ಹೋದಳು. ಅಷ್ಟೇ. ಅತ್ತೆ ದಡಕ್ಕನೆ ಎದ್ದರು. ಪಕ್ಕದವಳ ಬುಟ್ಟಿಯಿಂದ ಎರಡು ಹಣ್ಣು ಬಾಚಿಕೊಂಡು ಓಡಿಹೋಗಿ ಬಸುರಿಯ ಕೈಗೆ ತುರುಕಿ ಬಂದರು. ಹಣ್ಣಿನವಳು "ಅಯ್ಯೋ ನನ್ ಬೋಣಿ" ಎಂದು ಬಾಯಿ ಬಡಿದುಕೊಂಡಳು.

"ಬಸುರಿ ಕಣ್ಣು ಬಿತ್ತಲ್ಲೇ ಹಣ್ಣಿನ ಮೇಲೆ! ಕೊಡ್ದೆ ಹೋದ್ರೆ ಕೂಸಿನ ಕಿವಿ ಸೋರ್ತದೆ. ಆ ಪಾಪ ನಿಂಗೆ ಬೇಕಾ? ನಿನ್ ದುಡ್ಡು ನಾ ಕೊಡ್ತೀನಿ, ಸುಮ್ಕಿರು," ಎಂದು ಅತ್ತೆ ಗದರಿಸಿದರು.

ನಾನು ಎಲೆ ಕೊಳ್ಳುವುದನ್ನೂ ಮರೆತು ನಿಂತೆ. ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆಂಬ ಮಾತು ನನಗೇನು ಹೊಸದಲ್ಲ. ಆದರೆ ಈ ಹೆಂಗಸು ಗುರುತು ಪರಿಚಯವಿಲ್ಲದ ಬಸುರಿಯ ಕಣ್ಣಿಗೂ ಹೀಗೆ ಹೆದರುತ್ತಾರಲ್ಲ! ಹಾಗಾದರೆ ಅವರ ಸೊಸೆಗೇ ಉಷ್ಣದ ಪದಾರ್ಥದ ಮೇಲೆ ಬಯಕೆ ಹುಟ್ಟಿದರೆ? ಬಯಕೆ ದೊಡ್ಡದೋ, ಉಷ್ಣ ದೊಡ್ಡದೋ? ನಿಜ ಹೇಳುತ್ತೇನೆ, ಆ ಹುಡುಗಿಯ ಪ್ರಾಣದ ಚಿಂತೆ ಎಷ್ಟಿತ್ತೋ ಇದರ ಉತ್ತರ ತಿಳಿಯುವ ಚಪಲವೂ ಅಷ್ಟೇ ಇತ್ತು.

ಮಾರನೆಯ ದಿನ ಅತ್ತೆ ಮಾರ್ಕೆಟ್ಟಿಗೆ ಹೋದದ್ದನ್ನು ನೋಡಿಕೊಂಡು ಮನೆಗೆ ಹೋದೆ. ಸೊಸೆ ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು.

"ನಿಂಗೇನಮ್ಮ ಬಯಕೆ?"

"ಏನಿಲ್ಲ ಅಕ್ಕ."

"ಹಾಗಾದ್ರೆ ಕೇಳು. ಇವತ್ತಿಂದ ನಿಂಗೆ ನುಗ್ಗೆಸೊಪ್ಪಿನ ಮೇಲೆ ಬಯಕೆ."

ಅವಳು ಬೂದಿಗೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. "ಅತ್ತೆಮ್ಮ ಕೊಂದಾಕ್ಬುಡ್ತಾರೆ ಅಕ್ಕ!"

"ನೀನು ಕೇಳ್ತಿಲ್ಲ ಕಣೆ. ಕೂಸು ಕೇಳ್ತದೆ. ಮರದ ಕೆಳಗೆ ನಿಂತ್ಕೊಂಡು ಮೇಲೆ ನೋಡು, ನಿಟ್ಟುಸಿರು ಬಿಡು. ಬಾಯಿ ಬಿಟ್ಟು ಏನೂ ಹೇಳ್ಬೇಡ."

ಎಲಾ ಇವಳ! ಅಷ್ಟು ಮೆತ್ತಗಿದ್ದ ಹುಡುಗಿ ಅದನ್ನೆಷ್ಟು ಚೆನ್ನಾಗಿ ಮಾಡಿದಳೆಂದರೆ ನಾಟಕ ಕಂಪನಿಯವರು ಕರೆದುಕೊಂಡು ಹೋಗಬೇಕು. ಸಂಜೆ ಅತ್ತೆ ಬಂದಾಗ ಮರದ ಕೆಳಗೆ ನಿಂತಿದ್ದಳಂತೆ. ಮಾರನೆಯ ಸಂಜೆಯೂ ನಿಂತಿದ್ದಳಂತೆ. ಮೂರನೆಯ ಸಂಜೆ ಅತ್ತೆಗೆ ತಡೆಯಲಾಗಲಿಲ್ಲ.

"ಏನೇ ಅದು, ಮರಾನೇ ತಿನ್ನೋ ಅಂಗೆ ನೋಡ್ತೀಯಾ?"

"ಏನಿಲ್ಲ ಅತ್ತೆಮ್ಮ. ಸೊಪ್ಪಿನ ವಾಸ್ನೆ ಬಂತು. ಬಾಯಲ್ಲಿ ನೀರೂರ್ತದೆ."

ಅತ್ತೆ ಆ ರಾತ್ರಿ ಹೊರಳಾಡಿರಬೇಕು. ಬೆಳಿಗ್ಗೆ ಅವರೇ ನನ್ನನ್ನು ಕರೆಸಿದರು. ಒಂದು ಕಡೆ ಉಷ್ಣ, ಒಂದು ಕಡೆ ಬಯಕೆ. ಏನು ಮಾಡುವುದೆಂದು ಮುಖವೆಲ್ಲ ಬಾಡಿತ್ತು. ಅವರೇ ಮಾತಾಡುತ್ತಾ ಮಾತಾಡುತ್ತಾ ದಾರಿ ಹುಡುಕಿಕೊಂಡರು: "ಬಯಕೆ ಅಂದ್ರೆ ಕೂಸು ಕೇಳೋದು ಅಲ್ವಾ? ತನ್ನ ಕೊಲ್ಲೋದ್ನ ತಾನೇ ಕೇಳ್ತದಾ ಕೂಸು? ಕೇಳಾಕಿಲ್ಲ. ಅಂಗಾದ್ರೆ ಇಕ್ಬೋದು."

ಬಯಕೆಯೇ ದೊಡ್ಡದೆಂದು ಹೀಗೆ ತೀರ್ಮಾನವಾಯಿತು. ನನಗೆ ಕುಣಿಯುವಷ್ಟು ಸಂತೋಷ.

ಆಮೇಲೆ ಹೊಟ್ಟೆಯೊಳಗಿನ ಕೂಸಿನ ನಾಲಿಗೆ ಉದ್ದವಾಯಿತು. ಒಂದು ವಾರ ಮೊಳಕೆ ಹೆಸರುಕಾಳು ಕೇಳಿತು. ಇನ್ನೊಂದು ವಾರ ಹುರಿಗಡಲೆ ಬೆಲ್ಲ. ಆಮೇಲೆ ಬೇಯಿಸಿದ ಮೊಟ್ಟೆ. ಬಯಕೆಯ ಪದಾರ್ಥಕ್ಕೆ ಇನ್ನೊಂದು ಒಳ್ಳೆಯ ಗುಣವಿತ್ತು: ಅದನ್ನು ಬಸುರಿಗೇ ಮೊದಲು ಕೊಡಬೇಕು, ಬೇರೆಯವರು ಪಾಲು ಕೇಳುವ ಹಾಗಿಲ್ಲ. "ನಮ್ ಕೂಸು ಭಾರಿ ರುಚಿಗಾರ ಕಣವ್ವ," ಎಂದು ಅತ್ತೆ ಮಾರ್ಕೆಟ್ಟಿನಲ್ಲಿ ಜಂಬ ಕೊಚ್ಚಿದರು. ಸೊಸೆಯ ತುಟಿಗೆ ಸ್ವಲ್ಪ ಬಣ್ಣ ಬಂತು. ನೀರು ಸೇದುವಾಗ ಏದುಸಿರು ಬಿಡುವುದು ಕಡಿಮೆಯಾಯಿತು.

ಇಂಥ ವಿದ್ಯೆ ಒಂದೇ ಮನೆಯಲ್ಲಿ ನಿಲ್ಲುತ್ತದೆಯೇ? ಬಾವಿಕಟ್ಟೆಯಿಂದ ಬಾವಿಕಟ್ಟೆಗೆ ಹರಡಿತು. ಸುತ್ತಲಿನ ಬಸುರಿಯರೆಲ್ಲ ನುಗ್ಗೆಮರದ ಕೆಳಗೆ ನಿಂತು ನಿಟ್ಟುಸಿರು ಬಿಡತೊಡಗಿದರು. ಒಬ್ಬಳಂತೂ ನನ್ನನ್ನು ಕೇಳದೆಯೇ, ತನ್ನ ಕೂಸಿಗೆ ಸಿನಿಮಾ ನೋಡುವ ಬಯಕೆಯಾಗಿದೆ ಎಂದುಬಿಟ್ಟಳು. ಅವಳ ಅತ್ತೆ, "ಕೂಸಿಗೆ ಹೊಟ್ಟೆಯೊಳಗಿಂದ ಕಾಣ್ತದಾ?" ಎಂದರಂತೆ. ಆದರೂ ಕಿವಿ ಸೋರೀತೆಂಬ ಹೆದರಿಕೆಗೆ ಕಳಿಸಿದರಂತೆ. ಬಾವಿಯ ಪಕ್ಕದ ಮರ ಮಾತ್ರ ಬೋಳಾಯಿತು.

ಬೋಳುಮರವೇ ಗುಟ್ಟು ರಟ್ಟು ಮಾಡಿತು. ಸೊಪ್ಪು ಮಾರುವ ಹೆಂಗಸೊಬ್ಬಳು ಮಾರ್ಕೆಟ್ಟಿನಲ್ಲಿ ಅತ್ತೆಯನ್ನು ಆಡಿಕೊಂಡಳಂತೆ: "ಏನಕ್ಕ, ನಿಮ್ ಕಡೆ ಕೂಸುಗಳೆಲ್ಲ ಮಾತಾಡ್ಕೊಂಡು ಒಂದೇ ಸೊಪ್ಪು ಕೇಳ್ತವಲ್ಲ?" ಅತ್ತೆ ಎಲೆಬುಟ್ಟಿಯನ್ನು ಅವಳ ಕೈಗೇ ಒಪ್ಪಿಸಿ ನೆಟ್ಟಗೆ ಆಸ್ಪತ್ರೆಗೆ ಬಂದರು. ಆಗ ಸೊಸೆಗೆ ಎಂಟು ತಿಂಗಳು ತುಂಬುತ್ತಿತ್ತು.

ನಾನು ಜಗುಲಿಯ ಮೇಲೆ ಹತ್ತಿ ಬಿಡಿಸುತ್ತಾ ಕೂತಿದ್ದೆ. ಎದುರಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನನ್ ಸೊಸೆ ಬಾಯಲ್ಲಿ ಮಾತಾಡ್ತಿರೋದು ಕೂಸೋ, ನೀನೋ?"

ಅಷ್ಟು ದಿನ 'ನೀವು' ಅನ್ನುತ್ತಿದ್ದವರು 'ನೀನು' ಅಂದರು. ಬಾಗಿಲ ಕಡೆ ನೋಡಿದೆ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ ನೋಡ್ದ ಅಂಗಾಯ್ತು ನಿನ್ ಮುಖ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಅವತ್ತೇ ನಂಗೆ ಹೊಳೀಬೇಕಿತ್ತು. ಹೇಳು, ಯಾರು?"

ಸುಳ್ಳು ಹೇಳಬಹುದಾಗಿತ್ತು. ಆದರೆ ಆ ಕಣ್ಣುಗಳ ಮುಂದೆ ಸುಳ್ಳು ಹೊರಡಲಿಲ್ಲ. "ನಾನೇ ಅವ್ವ," ಅಂದೆ. ಒಂದು ಸಲ ಬಾಯಿ ಬಿಟ್ಟ ಮೇಲೆ ತಡೆಯಲಾಗಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ಹೆರಿಗೆಯಲ್ಲಿ ಅವಳು ಉಳಿಯುವುದೇ ಅನುಮಾನವಿತ್ತು, ಈಗ ಒಂದಿಷ್ಟು ಆಸೆ ಬಂದಿದೆ, ಇಷ್ಟು ದೂರ ಬಂದು ಈಗ ನಿಲ್ಲಿಸಬೇಡಿ ಎಂದೆ. ಧ್ವನಿ ಏರಿತು, ಅಳುವೂ ಬಂತು. ಅತ್ತೆ ಸೆರಗು ಕೊಡವಿ ಹೊರಟುಹೋದರು.

ಮಾರನೆಯ ಬೆಳಿಗ್ಗೆ ಆ ಮನೆಗೆ ಹೋಗಲು ನನಗೆ ಕಾಲೇ ಬರಲಿಲ್ಲ. ಸೊಸೆಯನ್ನು ಹೊಡೆದಿರಬಹುದೇ? ಮತ್ತೆ ತಳದ ಸಾರಿಗೇ ತಳ್ಳಿರಬಹುದೇ? ಹೋದರೆ, ಅತ್ತೆ ಮಾರ್ಕೆಟ್ಟಿಗೆ ಹೋಗದೆ ಹೊಸಿಲ ಮೇಲೆ ಕೂತಿದ್ದರು. ಮೊರದ ತುಂಬ ನುಗ್ಗೆಸೊಪ್ಪು. ಎಲ್ಲಿಂದಲೋ ತರಿಸಿ ಕಡ್ಡಿಯಿಂದ ಬಿಡಿಸುತ್ತಿದ್ದರು. ಸೊಸೆ ಹಿಂದೆ ಬಾವಿಯ ಹತ್ತಿರವಿದ್ದಳು.

ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು. ಆ ಗಂಟಲಿಗೆ ಮೆಲ್ಲಗೆ ಮಾತಾಡಲು ಬರುತ್ತದೆಂದು ಅವತ್ತೇ ತಿಳಿದದ್ದು. "ನಂಗೆ ಗೊತ್ತಾಗೈತೆ ಅಂತ ಅವ್ಳಿಗೆ ಹೇಳ್ಬೇಡ ಕಣವ್ವ. ಕೂಸೇ ಕೇಳ್ತದೆ ಅಂತ ನಾನು ನಂಬಿವ್ನಿ ಅಂದ್ಕೊಂಡಿರ್ಲಿ. ತನಗೆ ಬೇಕು ಅಂತ ಕೇಳಕ್ಕೆ ಅವ್ಳಿಗೆ ಬಾಯಿ ಬರಾಕಿಲ್ಲ."

"ನಿಮಗೆ ಸಿಟ್ಟಿಲ್ವಾ?"

"ಐತೆ, ಇಲ್ದೆ ಏನು! ನನ್ ಮುಂದೆ ನಾಟ್ಕ ಆಡಿದ್ರಲ್ಲ. ಹೆರಿಗೆ ಆಗ್ಲಿ, ಆಮೇಲೆ ಇಬ್ರಿಗೂ ಮಾಡ್ತೀನಿ." ಸೊಪ್ಪು ಬಿಡಿಸುವ ಕೈ ನಿಲ್ಲಲಿಲ್ಲ.

ಹೆರಿಗೆ ನಮ್ಮ ಆಸ್ಪತ್ರೆಯಲ್ಲೇ ಆಯಿತು. ಮಧ್ಯಾಹ್ನದ ಹೊತ್ತು. ಅತ್ತೆ ಜಗುಲಿಯ ಕಂಬ ಹಿಡಿದುಕೊಂಡು ನಿಂತವರು ಕೂರಲಿಲ್ಲ, ನೀರು ಕುಡಿಯಲಿಲ್ಲ. ನಾನು ಬಾಗಿಲು ತೆರೆದು ಹೊರಗೆ ಬಂದಾಗ ಗಂಡೋ ಹೆಣ್ಣೋ ಎಂದು ಕೇಳಲಿಲ್ಲ. "ಅತ್ತಿತಾ?" ಎಂದರು.

"ಅಳ್ತಾ ಇದೆಯಲ್ಲ ಅವ್ವ, ಕೇಳಿಸ್ತಿಲ್ವಾ?"

ಒಳಗೆ ಕೂಸು ಸೂರು ಹಾರಿಹೋಗುವ ಹಾಗೆ ಅಳುತ್ತಿತ್ತು. ಅದನ್ನು ಕೇಳಿಸಿಕೊಳ್ಳುವುದಕ್ಕೂ ಅವರಿಗೆ ಧೈರ್ಯವಿರಲಿಲ್ಲವೇನೋ. "ಅವ್ಳು?" ಎಂದು ಆಮೇಲೆ ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ಕಂಬದ ಬುಡದಲ್ಲಿ ಕುಸಿದು ಕೂತು ಗೋಳೋ ಎಂದು ಅತ್ತರು. ಹೆಣ್ಣು ಮಗು. ಕೈಗೆ ಕೊಟ್ಟಾಗ ಮೊದಲು ಎರಡು ಕಿವಿಗಳನ್ನೂ ತಿರುಗಿಸಿ ತಿರುಗಿಸಿ ನೋಡಿದರು.

ಬಾಣಂತನವನ್ನು ಅತ್ತೆ ಚೆನ್ನಾಗಿಯೇ ಮಾಡಿದರು. ಮೆಣಸಿನ ಸಾರು, ಬೆಳ್ಳುಳ್ಳಿ, ಮೆತ್ತನೆಯ ಅನ್ನ. ಪಥ್ಯದ ವಿಷಯದಲ್ಲಿ ನಾನೂ ಅವರೂ ದಿನಾ ಕಚ್ಚಾಡಿದೆವು. ಒಂದಿಷ್ಟು ಅವರು ಗೆದ್ದರು, ಒಂದಿಷ್ಟು ನಾನು. ಆದರೆ ನನ್ನ ಮನಸ್ಸಿನಲ್ಲಿ ಒಂದು ಅಳುಕಿತ್ತು. ಬಸುರಿ ಎಂದು ತಿನ್ನಿಸಿದರು, ಹೊಟ್ಟೆಯಲ್ಲಿ ಕೂಸಿತ್ತು. ಬಾಣಂತಿ ಎಂದು ತಿನ್ನಿಸಿದರು, ಕೂಸಿಗೆ ಹಾಲಾಗಬೇಕಿತ್ತು. ಎರಡೂ ಮುಗಿದು ಬರೀ ಸೊಸೆಯಾದ ದಿನ ಇವಳ ಗತಿಯೇನು? ನನ್ನ ಬುಟ್ಟಿಯಲ್ಲಿ ಬೇರೆ ಯಾವ ಉಪಾಯವೂ ಇರಲಿಲ್ಲ.

ಅವಳು ಮತ್ತೆ ಒಲೆಯ ಮುಂದೆ ಕೂತ ಹೊಸದರಲ್ಲಿ, ಮಧ್ಯಾಹ್ನ, ನೋಡಿಬರೋಣವೆಂದು ಹೋದೆ. ಮಗು ತೊಟ್ಟಿಲಲ್ಲಿ ಮಲಗಿತ್ತು. ಸೊಸೆ ಮುದ್ದೆ ತೊಳಸಿ ಕಟ್ಟುತ್ತಿದ್ದಳು. ಗಂಡ ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅತ್ತೆಯೂ ಆಗಷ್ಟೇ ಬಂದು ಎಲೆಬುಟ್ಟಿ ಇಳಿಸಿದ್ದರು. ಸೊಸೆ ಹೊಗೆಯಾಡುವ ಮುದ್ದೆಯನ್ನು ಗಂಡನ ತಟ್ಟೆಗೆ ಇಟ್ಟು ಸಾರು ಬಿಟ್ಟಳು.

"ಏಯ್, ಬಾ ಇಲ್ಲಿ," ಎಂದು ಅತ್ತೆ ಅವಳನ್ನು ಕರೆದರು. ನನ್ನನ್ನೂ ಒಂದು ಸಲ ನೋಡಿದರು. ಇಬ್ಬರಿಗೂ ಮಾಡುತ್ತೇನೆ ಎಂದಿದ್ದ ಶಾಸ್ತಿ ಈಗ ಬಂತು ಅಂದುಕೊಂಡೆ.

"ಕೂಸು ಕೇಳ್ತು ಅಂದೆ, ಕೊಟ್ಟೆ. ಕೇಳಿದ್ದು ಕೂಸಲ್ಲ, ಈ ನರ್ಸಮ್ಮ ಅಂತ ಗೊತ್ತಾಯ್ತು, ಆಗ್ಲೂ ಕೊಟ್ಟೆ. ಈಗ ಹೊಟ್ಟೇಲಿ ಯಾರೂ ಇಲ್ಲ. ಈಗ ನೀನ್ ಹೇಳು. ನಿಂಗೇನ್ ಬೇಕು?"

ಸೊಸೆಯ ಮುಖ ಬಿಳಿಚಿಕೊಂಡಿತು. ಏನು ಹೇಳಲಿ ಎಂದು ನನ್ನನ್ನೇ ನೋಡಿದಳು. ನನ್ನ ಬಾಯಲ್ಲಿ ಸೊಪ್ಪು, ಕಾಳು, ಮೊಟ್ಟೆ ಎಲ್ಲ ತುದಿನಾಲಿಗೆಗೆ ಬಂದು ನಿಂತಿದ್ದವು. ವಾಚಾಳಿಯಾದ ನಾನೂ ಹಲ್ಲು ಕಚ್ಚಿಕೊಂಡು ಗೋಡೆ ನೋಡಿದೆ. ಅವಳು ಏನು ಹೇಳುತ್ತಾಳೆಂದು ತಿಳಿಯಲು ಹುಟ್ಟಿದಷ್ಟು ಆಸೆ ನನಗೆ ಜನ್ಮದಲ್ಲಿ ಬೇರೆ ಯಾವುದಕ್ಕೂ ಹುಟ್ಟಿರಲಿಲ್ಲ.

"ಹೇಳ್ಬುಡೇ. ಕಚ್ತೀನಾ?"

ಸೊಸೆ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಬಿಸಿ ಮುದ್ದೆ ಅತ್ತೆಮ್ಮ," ಅಂದಳು.

"ಏನಂದೆ?"

"ಕಟ್ಟಿದ್ ತಕ್ಷಣದ್ದು. ಬಿಸಿಬಿಸೀದು. ಒಂದ್ಸಲ."

ಅತ್ತೆ ಬಗ್ಗಿ, ಮಗ ಇನ್ನೂ ಕೈ ಹಾಕಿರದ ತಟ್ಟೆಯನ್ನು ಎತ್ತಿ ಸೊಸೆಯ ಮುಂದಿಟ್ಟರು. ಮಗ, "ಅವ್ವಾ..." ಎಂದ. "ಸುಮ್ಕಿರು. ಆರಿದ್ದು ಉಂಡ್ರೆ ನಿಂಗೇನೂ ಆಗಾಕಿಲ್ಲ, ನಾವೆಲ್ಲ ಬದುಕಿಲ್ವಾ?" ಎಂದು ಗದರಿಸಿದರು.

ಸೊಸೆ ಕೂತಳು. ಮುದ್ದೆ ಮುರಿದಳು, ಕೈ ಸುಟ್ಟಿತು, ಊದಿಕೊಂಡಳು, ಸಾರಿಗೆ ಅದ್ದಿ ನುಂಗಿದಳು. ಅಳುತ್ತಲೇ ಇನ್ನೊಂದು ತುತ್ತು ಮುರಿದಳು. ಅತ್ತೆ ಅವಳ ಬಾಯನ್ನೇ ನೋಡುತ್ತಾ ಎದುರಿಗೆ ಕುಕ್ಕರಗಾಲಲ್ಲಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಕೈ ಚಾಚಿದರು.

"ಒಂದ್ ತುತ್ತು ಇತ್ಲಾಗೆ ಕೊಡೇ, ನೋಡಾನ. ಲಗ್ನ ಆಗಿ ಬಂದ್ಮೇಲೆ ನಾನೂ ಬಿಸಿ ಮುದ್ದೆ ಉಂಡೋಳಲ್ಲ."